ಆಮೆನ್ ಯಾರ ಕಡೆಗೆ

ಹೇರೋಹಳ್ಳಿಯ ನಮ್ಮ ಬಾಡಿಗೆ ಮನೆ ಮೇಲೇನೇ ಓನರ್ ಆಂಟಿ ಮನೆ. ದಾವಣಗೆರೆ ಕಡೆಯವರು. "ನಿಮ್ಮನೇಲಿ ಅತ್ತೆ ಸೊಸೆ ಜಗಳ ಒಂದಿನಾನೂ ಕೇಳಿಲ್ಲ ನೋಡಮ್ಮ, ಬರೀ ಪ್ರಾರ್ಥನೆ" ಅಂತ ಸಿಕ್ಕಾಗೆಲ್ಲ ಹೊಗಳ್ತಿದ್ರು. ಪಾಪ, ಆ ಪ್ರಾರ್ಥನೆಯೇ ಜಗಳ ಅಂತ ಅವರಿಗೆ ಹೇಗೆ ಹೇಳೋದು.

ಸಂಜೆ ಏಳಕ್ಕೆ ಹಾಲ್‌ನಲ್ಲಿ ಚಾಪೆ ಹಾಸಿ ಕೂರ್ತಿದ್ವಿ. ಅತ್ತೆ, ನಾನು, ನನ್ನ ಗಂಡ, ಎರಡು ವರ್ಷದ ಮಗಳು. ದೊಡ್ಡವರು ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡಬೇಕು. ಅತ್ತೆ ಎಂದೂ ನನ್ನನ್ನ ನೇರವಾಗಿ ಬೈದವರಲ್ಲ, ಎಲ್ಲಾ ದೇವರ ಮೂಲಕವೇ. "ಕರ್ತನೇ, ಸಾರಿಗೆ ಉಪ್ಪು ಎಷ್ಟು ಹಾಕಬೇಕು ಅನ್ನೋ ಜ್ಞಾನ ನಿನ್ನ ಈ ಮಗಳಿಗೆ ದಯಪಾಲಿಸಪ್ಪ." ಮಧ್ಯೆ ಬಾಯಿ ಹಾಕೋ ಹಾಗಿಲ್ಲ, ಕಣ್ಣು ಬಿಡೋ ಹಾಗೂ ಇಲ್ಲ. ನಾನು ನನ್ನ ಸರದಿಗೆ ಕಾದು, "ಸ್ವಾಮಿ, ಬಡಿಸಿದ್ದರಲ್ಲಿ ಹುಳುಕು ಹುಡುಕದ ನಾಲಿಗೆಯನ್ನ ಈ ಮನೆ ಹಿರಿಯರಿಗೆ ಕೊಡು" ಅಂತಿದ್ದೆ. ನನ್ನ ಗಂಡ ಎರಡಕ್ಕೂ ಒಂದೇ ಸಮನೆ ಗಟ್ಟಿಯಾಗಿ "ಆಮೆನ್" ಅಂತಿದ್ರು. ಅಡ್ಡಗೋಡೆ ಮೇಲೆ ದೀಪ ಇಡೋದ್ರಲ್ಲಿ ಅವರಷ್ಟು ಪಳಗಿದವರು ನಮ್ಮ ಚರ್ಚ್ ಸಭೇಲೇ ಇರಲಿಲ್ಲ.

ಅತ್ತೆ ಕೋಪ ಎಷ್ಟು ಅಂತ ತಿಳಿಯೋಕೆ ಗಡಿಯಾರ ನೋಡಿದ್ರೆ ಸಾಕು. ಏಳೂವರೆ ಸೀರಿಯಲ್ ಅಂದ್ರೆ ಅವರಿಗೆ ಪ್ರಾಣ. ಅದನ್ನೂ ಬಿಟ್ಟು ಪ್ರಾರ್ಥನೆ ಎಳೀತಿದ್ದಾರೆ ಅಂದ್ರೆ ನನ್ನ ಗ್ರಹಚಾರ ಕೆಟ್ಟಿದೆ ಅಂತರ್ಥ. ನಾವು ಗ್ರಹಚಾರ ಅನ್ನಬಾರದಂತೆ, ಆದರೆ ಅದಕ್ಕೆ ಬೇರೆ ಪದ ಯಾರೂ ಹೇಳಿಕೊಟ್ಟಿಲ್ಲ.

ಕೆಂಗೇರಿಯ ಒಂದು ಶಾಲೇಲಿ ನನಗೆ ಟೀಚರ್ ಕೆಲಸ ಸಿಕ್ಕ ದಿನ ಪ್ರಾರ್ಥನೆ ಎಂಟು ದಾಟಿತು. ಮಗು ಹುಟ್ಟಿದಾಗ ಕೆಲಸ ಬಿಟ್ಟಿದ್ದೆ. ಎರಡು ವರ್ಷ ಕುಕ್ಕರ್ ವಿಷಲ್ ಎಣಿಸಿ ಎಣಿಸಿ ತಲೆ ಕೆಟ್ಟಿತ್ತು. ಸೋಮವಾರ ಸೇರಬೇಕು, ಮಗೂನ ಅತ್ತೆ ನೋಡ್ಕೊಳ್ಳದಿದ್ರೆ ಆಗಲ್ಲ. ಬಾಯಿಬಿಟ್ಟು ಕೇಳೋಕೆ ನನಗೆ ಬಿಗುಮಾನ. ದೇವರಿಗೇ ಅರ್ಜಿ ಹಾಕಿದೆ. "ಯಾರದಾದ್ರೂ ಮನಸ್ಸು ಕರಗಿಸು ಸ್ವಾಮಿ." ಅತ್ತೆ ತಮ್ಮ ಸರದೀಲಿ, "ಹೆತ್ತವಳೇ ಮಗೂನ ಬಿಟ್ಟು ಹೋಗೋ ಕಾಲ ಬಂತಲ್ಲ ಕರ್ತನೇ" ಅಂದ್ರು. ಎರಡಕ್ಕೂ ಆಮೆನ್ ಬಿತ್ತು.

"ನಿಮ್ಮ ಆಮೆನ್ ಯಾರ ಕಡೆಗೆ ರೀ?" ಅಂತ ಅಡುಗೆಮನೇಲಿ ಗಂಡನ್ನ ಹಿಡಿದು ಕೇಳಿದೆ.

"ದೇವರ ಕಡೆಗೆ" ಅಂದು ಜಾರಿಕೊಂಡ್ರು. ಮೈಯೆಲ್ಲ ಉರಿದುಹೋಯ್ತು.

ಭಾನುವಾರ ಸಂಜೆಯಾದ್ರೂ ಏನೂ ತೀರ್ಮಾನ ಆಗಿರಲಿಲ್ಲ. ನನ್ನ ಸರದಿ ಬಂದಾಗ ಒಂದು ಚುಚ್ಚುಮಾತು ಹುಡುಕಿದೆ, ಸಿಗಲಿಲ್ಲ. ಅಳು ಬಂತು. "ಸ್ವಾಮಿ, ನನಗೆ ಮತ್ತೆ ಪಾಠ ಮಾಡೋ ಆಸೆ. ಅತ್ತೆ ಇಲ್ಲದೆ ನನ್ನ ಕೈಲಿ ಆಗಲ್ಲ" ಅಂದೆ.

ಮುಂದಿನ ಸರದಿ ಅತ್ತೇದು. ನಿಯಮ ಮುರಿದು ಒಂದು ಕಣ್ಣು ಬಿಟ್ಟು ನೋಡಿದೆ. ಮಗಳು ಅವರ ತೊಡೆ ಮೇಲೆ ಕೂತು ಬೈಬಲ್ ಪುಟದ ಗುರುತಿನ ದಾರ ಚೀಪ್ತಾ ಇದ್ದಳು.

"ಕರ್ತನೇ, ನಾಳೆಯಿಂದ ಈ ತುಂಟಿ ಹಿಂದೆ ಓಡೋಕೆ ನನ್ನ ಮೊಣಕಾಲಿಗೆ ಶಕ್ತಿ ಕೊಡಪ್ಪ" ಅಂದ್ರು ಅತ್ತೆ.

ಗಂಡ ಬಾಯಿ ತೆಗೆಯೋ ಮೊದಲೇ "ಆಮೆನ್" ಅಂದ್ಬಿಟ್ಟೆ. ಅಲ್ಲಿವರೆಗೂ ಅವರ ಪ್ರಾರ್ಥನೆಗೆ ನಾನು ಒಂದು ಸಲಾನೂ ಮನಸ್ಸಿಂದ ಆಮೆನ್ ಅಂದಿರಲಿಲ್ಲ.

"ಇನ್ನೂ ಮುಗಿದಿಲ್ಲ ಕಣೇ, ಸುಮ್ನೆ ಕೂತ್ಕೋ" ಅಂದ್ರು ಅತ್ತೆ, ಕಣ್ಣು ಮುಚ್ಚಿಕೊಂಡೇ. ದೇವರನ್ನ ಮಧ್ಯೆ ತರದೆ ಅವರು ನನ್ನನ್ನ ಗದರಿದ್ದು ಅದೇ ಮೊದಲು. ಆಮೇಲೆ ಸಾರಿನ ಉಪ್ಪಿನ ವಿಷಯಕ್ಕೆ ಬಂದ್ರು.