ರವಿವಾರದ ಅಣಬೆ

ನಮ್ಮ ಬನಹಟ್ಟಿ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ನೇಕಾರರ ಮನೆಯವನಾದ ನಾನು ನೂಲಿಗೆ ಬಣ್ಣ ಹಾಕುವ ವಿದ್ಯೆ ಕಲಿಯಲು ಮ್ಯಾಂಚೆಸ್ಟರಿಗೆ ಹೋದೆ. ಹೊರಡುವಾಗ ಅವ್ವ ಶೇಂಗಾ ಚಟ್ನಿಯ ಡಬ್ಬಿ ಕೈಗಿಟ್ಟು, "ಗೊತ್ತಿಲ್ಲದ್ದನ್ನ ಬಾಯಾಗ ಹಾಕಬ್ಯಾಡಪ್ಪಾ, ಕೇಳಿ ತಿನ್ನು" ಅಂದಳು. ಚಟ್ನಿ ಹಡಗಿನಲ್ಲೇ ಮುಗಿಯಿತು. ಆಮೇಲೆ ಎರಡು ತಿಂಗಳು ಬ್ರೆಡ್ಡು, ಬೇಯಿಸಿದ ಬಟಾಟಿ, ಚಹಾ ಇಷ್ಟರಲ್ಲೇ ಕಳೆದೆ.

ನಾನಿದ್ದ ಮನೆಯಲ್ಲಿ ಇನ್ನಿಬ್ಬರು ವಿದ್ಯಾರ್ಥಿಗಳು ಬಾಡಿಗೆಗಿದ್ದರು. ಒಬ್ಬ ಈಜಿಪ್ಟಿನವ. ಇನ್ನೊಬ್ಬ ಪೋಲೆಂಡಿನವ, ನನಗಿಂತ ಐದಾರು ವರ್ಷ ದೊಡ್ಡವ. ರವಿವಾರ ಮನೆಯೊಡತಿ ತಂಗಿಯ ಊರಿಗೆ ಹೋಗುತ್ತಿದ್ದಳು. ಆ ದಿನ ಸರತಿಯಂತೆ ಒಬ್ಬೊಬ್ಬರು ತಮ್ಮ ದೇಶದ ಅಡುಗೆ ಮಾಡುವುದೆಂದು ನಿರ್ಧಾರವಾಯಿತು. ನಾನು ಮಾಂಸ ತಿನ್ನುವುದಿಲ್ಲವೆಂದಾಗ ಇಬ್ಬರೂ ನಗಲಿಲ್ಲ. ಈಜಿಪ್ಟಿನವ ಅನ್ನ, ಬೇಳೆ, ಶಾವಿಗೆ ಎಲ್ಲ ಕೂಡಿಸಿ ಮೇಲೆ ಕೆಂಪಗೆ ಹುರಿದ ಉಳ್ಳಾಗಡ್ಡಿ ಸುರಿದ. ಮೊದಲ ತುತ್ತಿಗೆ ಹಿಂಜರಿದವನು ಮೂರು ಸಲ ಬಡಿಸಿಕೊಂಡೆ.

ಮುಂದಿನ ವಾರ ಪೋಲೆಂಡಿನವನ ಸರತಿ. ಬೆಳಿಗ್ಗೆಯೇ ಊರಾಚೆಯ ಕಾಡಿಗೆ ಹೋಗಿ ಬುಟ್ಟಿ ತುಂಬ ಅಣಬೆ ತಂದ. ನೋಡಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದೆ.

ಅವ್ವನ ತವರು ಗಲಗಲಿ. ನಾನು ಏಳೆಂಟು ವರ್ಷದವನಿದ್ದಾಗ ಅಲ್ಲಿ ಹೊಳೆದಂಡೆಯ ಅಣಬೆ ಬೇಯಿಸಿ ತಿಂದ ಗಂಡ ಹೆಂಡತಿ ಎರಡೇ ದಿನದಲ್ಲಿ ತೀರಿಕೊಂಡಿದ್ದರು. ಅವರ ಬಾಗಿಲಲ್ಲಿ ಇಣುಕುತ್ತಿದ್ದ ನನ್ನನ್ನು ಅಜ್ಜಿ ರಟ್ಟೆ ಹಿಡಿದು ಎಳೆದು ತಂದು, "ಅಣಬಿ ಕಂಡ್ರ ಕಾಲಿಲೇನೂ ಮುಟ್ಟಬ್ಯಾಡ" ಅಂದಿದ್ದಳು.

"ನಿನಗೆ ಭಯವಾಗಿದೆ" ಎಂದ ಪೋಲೆಂಡಿನವ.

"ಇಲ್ಲ" ಎಂದೆ.

ಆಗ ಅಲ್ಲಿ ಬೆಣ್ಣೆ ರೇಶನ್ನಿನಲ್ಲಿ ಸಿಗುತ್ತಿತ್ತು. ತನ್ನ ವಾರದ ಪಾಲನ್ನೆಲ್ಲ ಅವನು ಬಾಣಲೆಗೆ ಹಾಕಿದ್ದ. ಬೇಡವೆನ್ನಲು ಬಾಯಿ ಬರಲಿಲ್ಲ. ತಿಂದೆ. ಬಹಳ ರುಚಿಯಾಗಿತ್ತು, ಅದರಿಂದ ಹೆದರಿಕೆ ಇನ್ನೂ ಹೆಚ್ಚಾಯಿತು.

ಎರಡು ತಾಸಿನ ನಂತರ ಈಜಿಪ್ಟಿನವ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದ. ಮುಖ ಬಿಳಿಚಿಕೊಂಡಿತ್ತು. "ಒಳಗೆ ಹಿಂಡಿದಂತಾಗುತ್ತಿದೆ" ಎಂದ. ನಾನು ಹಿತ್ತಲಿಗೆ ಓಡಿ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿದೆ. ಬನಹಟ್ಟಿಗೆ ನನ್ನ ಸಾವಿನ ತಾರು ಹೋದರೆ ಓದಲು ಬಾರದ ಅವ್ವನಿಗೆ ಅದನ್ನು ಯಾರು ಓದಿ ಹೇಳುತ್ತಾರೆ ಎಂಬುದೊಂದೇ ಯೋಚನೆ. ಒಳಗೆ ಬಂದು, "ನಮಗೆ ವಿಷ ಹಾಕಿದೆ ನೀನು" ಎಂದುಬಿಟ್ಟೆ.

ಪೋಲೆಂಡಿನವ ಬಾಣಲೆಯನ್ನು ಎಳೆದುಕೊಂಡು, ಉಳಿದ ಅಣಬೆಯನ್ನೆಲ್ಲ ನಮ್ಮೆದುರೇ ಕೊನೆಯ ಚೂರಿನವರೆಗೆ ತಿಂದ. ಆಮೇಲೆ ಈಜಿಪ್ಟಿನವನನ್ನು, "ಬೆಳಿಗ್ಗೆ ಏನು ತಿಂದೆ?" ಎಂದು ಕೇಳಿದ.

"ಹಿತ್ತಲಿನ ಸೇಬು" ಎಂದ ಅವನು, ತಲೆ ತಗ್ಗಿಸಿ. ಇನ್ನೂ ಹಸಿರಿದ್ದ ಹುಳಿಕಾಯಿಗಳನ್ನು ಆರೇಳು ತಿಂದಿದ್ದನಂತೆ. ಸಂಜೆಯ ಹೊತ್ತಿಗೆ ಚೇತರಿಸಿಕೊಂಡ.

ನನ್ನ ಅಂಜಿಕೆ ಮಾತ್ರ ಹೋಗಲಿಲ್ಲ. ಹೊಟ್ಟೆ ಗುಡುಗುಟ್ಟಿದಾಗಲೆಲ್ಲ ಗಲಗಲಿಯ ಆ ಬಾಗಿಲು ಕಾಣುತ್ತಿತ್ತು. ಎರಡು ದಿನ ಕಳೆದ ಮೇಲೆ ಅವನ ಕೋಣೆಗೆ ಹೋಗಿ, "ತಪ್ಪಾಯಿತು" ಎಂದೆ.

"ಯುದ್ಧದಲ್ಲಿ ನಾನೂ ಅಮ್ಮನೂ ಎರಡು ವರ್ಷ ಕಾಡಿನಲ್ಲಿ ಅಡಗಿದ್ದೆವು" ಎಂದ ಅವನು. "ಗೊತ್ತಿಲ್ಲದ ಅಣಬೆ ಸಿಕ್ಕರೆ ಮೊದಲು ತಾನು ತಿನ್ನುತ್ತಿದ್ದಳು. ಎರಡು ದಿನ ಕಾದು ಆಮೇಲೆ ನನಗೆ ಕೊಡುತ್ತಿದ್ದಳು. ನಾನು ಕಲಿತದ್ದು ಹಾಗೆ."

ಅವಳು ಈಗೆಲ್ಲಿದ್ದಾಳೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ. "ನನ್ನನ್ನೂ ಕಾಡಿಗೆ ಕರೆದುಕೊಂಡು ಹೋಗು" ಎಂದೆ.

ತನ್ನ ಮುಂದಿನ ಸರತಿಗೆ ಕರೆದೊಯ್ದ. ನಾನು ಕಿತ್ತದ್ದರಲ್ಲಿ ಅರ್ಧದಷ್ಟನ್ನು ಅವನು ಎಸೆದ. ಒಂದನ್ನು ನೋಡಿದವನೇ ನನ್ನ ಬೆರಳುಗಳನ್ನು ತನ್ನ ಕರವಸ್ತ್ರದಿಂದ ಒರೆಸಿ, "ಇದು ಕೊಲ್ಲುತ್ತದೆ" ಎಂದ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಅವನು ಬಾಯಿಗಿಟ್ಟು ನುಂಗುವವರೆಗೆ ಕಾದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಮೇಲೆ ನಾನೂ ತಿಂದೆ, ಮತ್ತೊಮ್ಮೆ ಬಡಿಸೆಂದೆ. ಮರುದಿನದವರೆಗೆ ಎದೆ ಡವಡವ ಅನ್ನುತ್ತಲೇ ಇತ್ತು. ಆದರೂ ಆ ಊರಿನಲ್ಲಿ ಅಷ್ಟು ರುಚಿಯಾದದ್ದನ್ನು ನಾನು ಬೇರೇನೂ ತಿನ್ನಲಿಲ್ಲ.