ಒಬ್ಬಳೇ ಇದ್ದ ಕರ್ನಾಟಕ

ಶನಿವಾರ ಬೆಳಗ್ಗೆ ಸಾಂಬಾರಿಗೆ ಸಣ್ಣ ಈರುಳ್ಳಿ ಸುಲಿಯುತ್ತಾ ಕೂತಿದ್ದೆ. ಹತ್ತು ವರ್ಷದ ಮಗಳು ಫೋನು ತಂದು ಮುಖಕ್ಕೇ ಹಿಡಿದಳು. ಅದರೊಳಗೆ ಒಬ್ಬ ಹುಡುಗಿ ಬಹುಮಾನ ಅಪ್ಪಿಕೊಂಡು ಬಿಕ್ಕುತ್ತಿದ್ದಳು. ಹಲವು ದೇಶಗಳು ಸೇರುವ ಹಾಡಿನ ಪಂದ್ಯವಂತೆ. ಗೆದ್ದದ್ದು ಯಾರೂ ಎಣಿಕೆಗೇ ತಗೊಳ್ಳದ ಪುಟ್ಟ ದೇಶ. ಭೂಪಟದಲ್ಲಿ ಬೆರಳಿಟ್ಟರೆ ಬೆರಳು ಕಾಣುತ್ತದೆ, ದೇಶ ಕಾಣುವುದಿಲ್ಲ. ಹುಡುಗಿ ಹಾಡಿದ್ದೂ ಅಲ್ಲಿಯ ಮಾತಿನಲ್ಲೇ. ತಮಗೆ ತಾವೇ ಅಂಕ ಹಾಕಿಕೊಳ್ಳುವ ಹಾಗಿಲ್ಲ, ಮಿಕ್ಕ ದೇಶದವರು ಹಾಕಬೇಕು ಎಂದು ಮಗಳು ವಿವರಿಸಿದಳು. ತಮಿಳಿನಲ್ಲಿ ವಿವರಿಸಿದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ತಮಿಳಿನಲ್ಲಿ ಹೇಳುವುದು: ಒಂದು ವರ್ಷದಿಂದ ನಮ್ಮ ಮನೆ ಹೀಗೇ ನಡೆದಿದೆ. ನನಗದು ಚುಚ್ಚುತ್ತದೆ. ಯಾಕೆಂದರೆ ನನ್ನ ಅವ್ವನಿಗೆ ನಾನೂ ಇದನ್ನೇ ಮಾಡಿದ್ದೆ.

ನಾವು ತಮಿಳುನಾಡಿನ ಕಂಬಂ ಕಣಿವೆಯ ಕನ್ನಡದವರು. ಯಾವ ಕಾಲದಲ್ಲೋ ಈ ಕಡೆ ಬಂದವರು. ಹನುಮಂತನಪಟ್ಟಿಯ ನಮ್ಮ ಮನೆಯಲ್ಲಿ ಹೊಸಿಲ ಒಳಗೆ ಕನ್ನಡ, ಹೊರಗೆ ತಮಿಳು. ಈಗ ನೀವು ಓದುತ್ತಿರುವ ಈ ಅಕ್ಷರಗಳನ್ನು ನಾನು ಕಲಿತದ್ದು ಮೂವತ್ತು ದಾಟಿದ ಮೇಲೆ, ಒಂದನೇ ಕ್ಲಾಸಿನ ಪುಸ್ತಕ ಇಟ್ಟುಕೊಂಡು. ಎಲ್ಲಾದರೂ ಒತ್ತು, ಕೊಂಬು ತಪ್ಪಿದ್ದರೆ ನೀವೇ ಸರಿಮಾಡಿಕೊಳ್ಳಿ.

ನಮ್ಮ ವಂಶದಲ್ಲಿ ಕಾಲೇಜು ಮುಗಿಸಿದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ಸಂಕೋಚವಿಲ್ಲ. ಬೇರೆಯವರ ತೋಟದಲ್ಲಿ ದ್ರಾಕ್ಷಿ ಗೊಂಚಲು ಕತ್ತರಿಸಿ ಕತ್ತರಿಸಿ ಅವ್ವ ಓದಿಸಿದ ಓದು ಅದು. ದಿಂಡಿಗಲ್ಲಿನ ಹಾಸ್ಟೆಲಿಗೆ ಸೇರಿದ ಮೊದಲ ವಾರ ಫೋನಿನಲ್ಲಿ, “ಅವ್ವಾ, ಉಂಡ್ಯಾ?” ಎಂದೆ. ರೂಮಿನ ಹುಡುಗಿಯರು ಉರುಳಿ ಉರುಳಿ ನಕ್ಕರು. “ಇದು ತೆಲುಗೋ, ಇಲ್ಲ ನಿಮ್ಮ ಊರ ರೇಡಿಯೋ ಕೆಟ್ಟಿದೆಯೋ?” ಎಂದಳು ಒಬ್ಬಳು. ಮುಂದಿನ ವಾರದಿಂದ ಅವ್ವನ ಜೊತೆ ತಮಿಳಿನಲ್ಲೇ ಮಾತಾಡಿದೆ.

ಅವ್ವನಿಗೆ ತಮಿಳು ಚೆನ್ನಾಗಿಯೇ ಬರುತ್ತದೆ, ದಲ್ಲಾಳಿಗಳ ಜೊತೆ ಜಗಳವಾಡುವಷ್ಟು. ಆದರೆ ನನ್ನ ಜೊತೆ ತಮಿಳಾಡುವಾಗ ಆಫೀಸರ ಮುಂದೆ ನಿಂತವಳಂತೆ ಆಗಿಬಿಡುತ್ತಿದ್ದಳು. ಊಟ ಆಯ್ತಾ, ಆಯ್ತು. ಜ್ವರ ಹೋಯ್ತಾ, ಹೋಯ್ತು. ಫೋನು ಇಡಲಾ? ಮೇಕೆ ಈದದ್ದು, ಪಕ್ಕದ ಮನೆಯ ರಂಪ ಯಾವುದೂ ನನ್ನ ಕಿವಿಗೆ ಬೀಳಲಿಲ್ಲ. ಎರಡು ವರ್ಷ ಹೀಗೇ ಹೋಯಿತು.

ಆಮೇಲೆ ಕಾಲೇಜಿನಲ್ಲಿ ರಾಜ್ಯಗಳ ಹಾಡಿನ ಪಂದ್ಯ ಬಂತು, ರಾಜ್ಯಕ್ಕೊಂದು ತಂಡ. ಮೇಡಂ ಒಬ್ಬರು ನನ್ನ ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದಿರುವುದನ್ನು ಹುಡುಕಿ ತೆಗೆದರು.

“ನೀನು ಕರ್ನಾಟಕ.”

“ಮೇಡಂ, ನಾನು ಅಲ್ಲಿಗೆ ಹೋಗಿಯೇ ಇಲ್ಲ.”

“ಹಾಡೋದಕ್ಕೆ ಟಿಕೆಟ್ ಬೇಡಮ್ಮ.”

ಕೇರಳಕ್ಕೆ ಹನ್ನೊಂದು ಜನ, ಆಂಧ್ರಕ್ಕೆ ಒಂಬತ್ತು. ಅಷ್ಟು ದೊಡ್ಡ ಕರ್ನಾಟಕಕ್ಕೆ ನಾನೊಬ್ಬಳು. ಅಲ್ಲೂ ಇದೇ ನಿಯಮ, ತಮ್ಮ ತಂಡಕ್ಕೆ ತಾವು ಅಂಕ ಹಾಕಬಾರದು.

ಅವ್ವನಿಗೆ ಫೋನು ಮಾಡಿ ಒಂದು ಹಾಡು ಹೇಳಿಕೊಡು ಎಂದು ತಮಿಳಿನಲ್ಲೇ ಕೇಳಿದೆ.

“ನೀ ತಮಿಳಲ್ಲಿ ಕೇಳಿದ್ರೆ ಸಿನಿಮಾ ಹಾಡೇ ಬಾಯಿಗ್ ಬರ್ತದೆ, ತಾಯಿ. ಸಾಕಾ?”

ಆ ಕಡೆ ಈ ಕಡೆ ನೋಡಿ, ದುಪ್ಪಟ್ಟಾ ಬಾಯಿಗೆ ಅಡ್ಡ ಹಿಡಿದು ಕನ್ನಡದಲ್ಲಿ ಕೇಳಿದೆ. ಅವ್ವ ಕಾದು ಕೂತವಳ ಹಾಗೆ ತಕ್ಷಣ ಹಾಡಿದಳು. ತೋಟದಲ್ಲಿ ಗಿಣಿ ಓಡಿಸುವ ಹಾಡು:

ಗಿಣಿಯೇ ಗಿಣಿಯೇ, ನಮ್ಮ ಗೊಂಚಲ ಮುಟ್ಟಬ್ಯಾಡ
ಆಚೆ ತ್ವಾಟದ ಮಾವಂಗೆ ಕಣ್ಣೂ ಕಾಣದು, ಕಿವಿಯೂ ಕೇಳದು, ಹೋ...

ಯಾವುದರ ಮೇಲಿನ ಹಾಡು ಎಂದು ಮೇಡಂ ಕೇಳಿದಾಗ ಗಿಣಿ ಎನ್ನಲು ನಾಚಿಕೆಯಾಯಿತು. “ದೇಶದ ಐಕ್ಯತೆ,” ಎಂದುಬಿಟ್ಟೆ. ಅವರು ಮೈಕಿನಲ್ಲಿ ಅದನ್ನೇ ಗದ್ಗದಿತರಾಗಿ ಸಾರಿದರು. ನಾನು ಹಾಡತೊಡಗಿದೆ. ಮಾವನಿಗೆ ಕಣ್ಣು ಕಾಣದು ಎನ್ನುವಾಗ ಮುಂದಿನ ಸಾಲಿನ ಅತಿಥಿಗಳು ಕಣ್ಣು ಮುಚ್ಚಿ ತಲೆದೂಗಿದರು.

ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಯಾರೋ ಕಿಸಕ್ಕನೆ ನಕ್ಕರು. ಹಾಸ್ಟೆಲಿನ ಅಡುಗೆಯ ಅಕ್ಕ. ನಕ್ಕವರು, ಆಚೆ ಬದುವಿನಿಂದ ಓಗೊಡುವ ಹಾಗೆ, “ಹೋ...” ಎಂದು ನನಗೆ ಮರುಕೂಗು ಹಾಕಿದರು. ಇದೂ ಹಾಡಿನಲ್ಲೇ ಇದೆ ಎಂದುಕೊಂಡ ಹುಡುಗಿಯರೂ ಕೂಗಿದರು. ಎರಡನೇ ಸಲಕ್ಕೆ ಸಭೆಯೇ ಗಿಣಿ ಓಡಿಸುತ್ತಿತ್ತು. ಕೇರಳ ಅಂಕ ಹಾಕಿತು, ಆಂಧ್ರ ಹಾಕಿತು, ಅಂದು ನಕ್ಕಿದ್ದ, ತಮಿಳುನಾಡಿನ ತಂಡದಲ್ಲಿದ್ದ ರೂಮಿನ ಹುಡುಗಿಯರೂ ಹಾಕಿದರು. ಒಬ್ಬಳೇ ಇದ್ದ ಕರ್ನಾಟಕ ಗೆದ್ದಿತು.

ಅಕ್ಕ ನನ್ನನ್ನು ಅಡುಗೆಮನೆ ಬಾಗಿಲಲ್ಲಿ ಹಿಡಿದರು. “ಮಾವನ ತ್ವಾಟಕ್ಕೆ ಗಿಣಿ ಅಟ್ಟೋದು ಐಕ್ಯತೆಯಾ?”

“ಅಕ್ಕಾ, ನೀವು ನಮ್ಮವರಾ? ಎರಡು ವರ್ಷ ಸಾಂಬಾರು ಬಡಿಸಿದ್ರಿ, ಯಾಕೆ ಹೇಳಲಿಲ್ಲ?”

“ನೀ ಯಾಕ್ ಹೇಳ್ನಿಲ್ಲ?”

ಅಲ್ಲಿಂದ ಸೀದಾ ಹೋಗಿ ಮೊಗಸಾಲೆಯ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ಅವ್ವನಿಗೆ ಕನ್ನಡದಲ್ಲೇ ಸುದ್ದಿ ಹೇಳಿದೆ. “ಗಿಣಿ ಹೋಯ್ತಾ?” ಎಂದಳು ಅವ್ವ. “ಹೋಯ್ತವ್ವ,” ಎಂದೆ. ಮೇಕೆಯಿಂದ ಶುರುಮಾಡಿದವಳು ಮುಕ್ಕಾಲು ಗಂಟೆ ಫೋನು ಇಡಲಿಲ್ಲ. ತಲೆಯ ಮೇಲಿನ ಹೊರೆ ಯಾರೋ ಕೈಕೊಟ್ಟು ಇಳಿಸಿದ ಹಾಗಿತ್ತು.

ಇದಷ್ಟನ್ನೂ ಮಗಳಿಗೆ ಹೇಳಿ, “ನಿನ್ನನ್ನು ನೋಡಿ ನಕ್ಕವರು ಯಾರು? ಸ್ಕೂಲಿನವರಾ?” ಎಂದು ಕೇಳಿದೆ.

“ನೀನೇ,” ಎಂದಳು ತಮಿಳಿನಲ್ಲಿ. “ನಾನು ಬಾಯಿ ತೆಗೆದರೆ ಸಾಕು, ತಪ್ಪು ಹಿಡಿಯುತ್ತೀಯ.”

ನಿಜವೇ. ಪುಸ್ತಕದ ಕನ್ನಡ ಕಲಿತ ಮೇಲೆ ನನಗೆ ಕೊಬ್ಬು ಬಂದಿತ್ತು. ನಾನು ಸ್ಕೂಲಿನಲ್ಲಿ ಲೆಕ್ಕದ ಟೀಚರು ಬೇರೆ. ಕೆಂಪು ಶಾಯಿ ಮನೆಗೂ ಬಂದುಬಿಟ್ಟಿತ್ತು. ಅವಳು ‘ಅಕ್ಕ ಬಂತು’ ಎಂದರೆ ‘ಬಂದಳು’ ಎಂದು ಹತ್ತು ಸಲ ಹೇಳಿಸಿದ್ದೇನೆ. ರೂಮಿನ ಹುಡುಗಿಯರಾದರೂ ಒಂದು ವಾರ ನಕ್ಕು ಸುಮ್ಮನಾಗಿದ್ದರು.

“ಇನ್ನು ಹಿಡಿಯುವುದಿಲ್ಲ,” ಎಂದೆ.

ಅವಳು ನಂಬದವಳ ಹಾಗೆ ನೋಡಿ, ಮತ್ತೆ ಫೋನಿನ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಮೆಲ್ಲಗೆ, ನನ್ನನ್ನು ಪರೀಕ್ಷೆಗಿಟ್ಟವಳಂತೆ, “ಅಮ್ಮಾ, ಈ ಹುಡ್ಗಿ ಯಾಕ್ ಅಳ್ತದೆ? ಅದೇ ತಾನೇ ಗೆದ್ಚು?” ಎಂದಳು.

‘ಅಳ್ತಾಳೆ’, ‘ಗೆದ್ದಳು’ ಎರಡೂ ನಾಲಿಗೆಯ ತುದಿಗೆ ಬಂದಿದ್ದವು. ನುಂಗಿಕೊಂಡೆ.

“ಗೆದ್ದದ್ದಕ್ಕೇ ಅಳ್ತದೆ,” ಎಂದೆ.

ಅವಳು ಪಕ್ಕಕ್ಕೆ ಜರುಗಿ ಕೂತು, ಎರಡನೆಯದಾಗಿ ಬಂದ ದೇಶದ ಕಥೆ ಶುರುಮಾಡಿದಳು. ಅರ್ಧ ತಮಿಳು, ಅರ್ಧ ನಮ್ಮದು. ನಾನು ನಡುವೆ ಬಾಯಿ ಹಾಕಲಿಲ್ಲ.