ಕೋಲು ಕೆಳಗ

ಐಸ್ ಹಾಕಿ ಆಟ ಕಲಿಸಿದ ನಾನು ಗೋಲಾ ಗಾಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಐಸ್ ಕಂಡವನಲ್ಲ. ಕಾಗವಾಡ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಚಕ್ರದ ಸ್ಕೇಟು ಬಲ್ಲ ಹುಡುಗಿಯರನ್ನು ಬೆಳಗಾವಿಯಲ್ಲಿ ಸಿಮೆಂಟಿನ ನೆಲದ ಮೇಲೆಯೇ ಆಡಿಸಿ ನೋಡಿ, ಆಯ್ಕೆಯಾದವರನ್ನು ಉತ್ತರದ ಹಿಮಕ್ಕೆ ಕರೆದೊಯ್ಯುತ್ತಾರೆ ಎಂದು ಕೇಳಿದ್ದೇ ತಡ, ನನಗೆ ಹುರುಪು ಹತ್ತಿತು. ಆಟವನ್ನು ಫೋನಿನ ವಿಡಿಯೋ ನೋಡಿ ಕಲಿತೆ.

ದ್ರಾಕ್ಷಿ ತೋಟದ ಸಾಹುಕಾರರು ತಮ್ಮ ಒಣದ್ರಾಕ್ಷಿ ಶೆಡ್ಡಿನ ನೆಲ ಬಿಟ್ಟುಕೊಟ್ಟರು. ಎಷ್ಟು ತೊಳೆದರೂ ದ್ರಾಕ್ಷಿಯ ಸಕ್ಕರೆ ನೆಲ ಬಿಡಲಿಲ್ಲ, ಚಕ್ರಗಳು ಚಟಚಟ ಅನ್ನುತ್ತಿದ್ದವು. ಸ್ಕೇಟು, ಆಟ ಎರಡನ್ನೂ ಕಲಿಯಲು ಬಂದ ಹುಡುಗಿಯರಲ್ಲಿ ಒಬ್ಬಳು ಕುರಿಗಾರರ ಮಗಳು, ಒಂಬತ್ತನೆಯ ತರಗತಿ. ಅವಳನ್ನು ಗೋಲಿನ ಮುಂದೆ ರಕ್ಷಣೆಗೆ ನಿಲ್ಲಿಸಿದೆ. ಎದುರಾಳಿ ಯಾವ ಕಡೆ ತಿರುಗುತ್ತಾಳೆಂದು ಎದುರಾಳಿಗಿಂತ ಮೊದಲೇ ಇವಳಿಗೆ ತಿಳಿಯುತ್ತಿತ್ತು. ತಾನು ಹಿಂದಕ್ಕೆ ಜಾರುತ್ತಲೇ, ಎದುರು ಬಂದವಳನ್ನು ಗೋಡೆಯ ಕಡೆಗೆ ಸರಿಸಿಬಿಡುತ್ತಿದ್ದಳು. ಅದು ನಾನು ಕಲಿಸಿದ್ದಲ್ಲ. ಮಂದಿಯ ಕಬ್ಬಿನ ಬದುವಿನಲ್ಲಿ ಕುರಿಹಿಂಡು ಹಾಯಿಸಿ ಬೆಳೆದವಳಿಗೆ ಅದು ಬಂದೇ ಇತ್ತು.

ತೊಂದರೆಯಿದ್ದದ್ದು ಕೊನೆಯ ಗಳಿಗೆಯಲ್ಲಿ. ಎದುರಾಳಿ ಹತ್ತಿರ ಬಂದಾಗ ಕೋಲಿನ ತುದಿ ನೆಲದ ಮೇಲೇ ಇರಬೇಕು. ಒಂದೇ ಕೈಯಿಂದ ಅದನ್ನು ಮುಂದೆ ಚಾಚಿ ಚೆಂಡಿನ ಬದಲಿಗಿರುವ ರಬ್ಬರಿನ ಬಿಲ್ಲೆಯನ್ನು ದೂಡಬೇಕು. ಇವಳು ಕೋಲನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು ಎದೆಯ ಮಟ್ಟಕ್ಕೆ ಎತ್ತಿ ನಿಂತುಬಿಡುತ್ತಿದ್ದಳು. ಆಟದಲ್ಲಿ ಅದು ಫೌಲು.

"ಕೋಲು ಯಾಕ ಎತ್ತತಿ ಯವ್ವಾ?" ಎಂದು ಕೇಳಿದೆ.

"ಎತ್ತಲಿಲ್ಲಂದ್ರ ಹಾದು ಹೋಗ್ತಾವ್ರಿ ಸರ್ರ. ಮಂದಿ ಬೆಳಿಯಾಗ ಹೊಕ್ರ ಅಪ್ಪಗ ಬೈತಾರ್ರಿ."

"ಇಲ್ಲಿ ಕುರಿ ಎಲ್ಲಿ ಅದಾವ?"

"ನನಗ ಗೊತ್ತೈತ್ರಿ. ಕೈಗೆ ಗೊತ್ತಾಗವಲ್ತ್ರಿ."

ಅವಳ ಅಪ್ಪ ಒಂದು ಸಂಜೆ ಶೆಡ್ಡಿನ ಬಾಗಿಲಿಗೆ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಚಪ್ಪಲಿ. "ಆರಿಸಿದ್ರಂದ್ರ ಊರಾಗ ಇರ್ಲಿರಿ, ಹತ್ತನೇ ಕ್ಲಾಸ್ ಓದ್ಲಿ. ಇಲ್ಲಂದ್ರ ದೀಪಾವಳಿ ಮುಗಿಸ್ಕೊಂಡ ಹಿಂಡಿನ ಕೂಡ ಕರ್ಕೊಂಡ ಹೋಗ್ತೀವ್ರಿ. ಮನ್ಯಾಗ ಮಂದಿ ಸಾಲವಲ್ರು," ಎಂದ. ಸಿಟ್ಟಿಲ್ಲ, ಬೇಡಿಕೆಯಿಲ್ಲ, ನಾಳೆ ಸಂತೆ ಎಂದು ಹೇಳುವಂತೆ ಹೇಳಿಹೋದ.

ಮೂರು ತಿಂಗಳು ಅವಳ ಕೈ ತಿದ್ದುವುದರ ಬೆನ್ನು ಹತ್ತಿದೆ. ಗೆಳತಿಯರಿಂದ ಎಡಗೈಯನ್ನು ದುಪಟ್ಟಾದಲ್ಲಿ ಸೊಂಟಕ್ಕೆ ಕಟ್ಟಿಸಿದೆ. ಕೋಲಿನ ತುದಿಗೆ ಒದ್ದೆ ಗೋಣಿ ಸುತ್ತಿ ಭಾರ ಮಾಡಿದೆ. "ಕೋಲು ಕೆಳಗ, ಕೋಲು ಕೆಳಗ" ಎಂದು ಗಂಟಲು ಹರಿಯುವಂತೆ ಒದರಿದೆ. ಉಳಿದ ಹುಡುಗಿಯರು ನನ್ನ ಬೆನ್ನ ಹಿಂದೆ ಅದನ್ನೇ ಅಣಕಿಸಿ ನಗುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ದಿನ ಅವಳ ಕೈಯಿಂದ ಕೋಲು ಕಸಿದು ಮೂಲೆಗೆ ಎಸೆದೆ. ಅವಳು ಅಳಲಿಲ್ಲ. ಹೋಗಿ ಎತ್ತಿಕೊಂಡು ಬಂದು, ತುದಿಯನ್ನು ನೆಲಕ್ಕೆ ಒತ್ತಿ ನಿಂತಳು. ನಾಚಿಕೆಯಾಯಿತು, ಆದರೆ ಒದರುವುದನ್ನು ಬಿಡಲಿಲ್ಲ.

ಆಯ್ಕೆಯ ದಿನ ಮಾಸ್ತರರು ಕಟಾಂಜನದ ಆಚೆ ನಿಲ್ಲಬೇಕು, ಬಾಯಿ ತೆರೆಯುವಂತಿಲ್ಲ. ಮೊದಲ ಹುಡುಗಿ ಬಿಲ್ಲೆ ಹೊಡೆದುಕೊಂಡು ಬಂದಳು. ನಮ್ಮವಳ ಕೋಲು ನೆಲ ಬಿಡಲಿಲ್ಲ. ನನ್ನ ಎದೆ ಹಿಗ್ಗಿತು. ಬಂದವಳು ಮಾತ್ರ ಪಕ್ಕದಿಂದ ಹಾದು ಗೋಲು ಹೊಡೆದಳು. ಎರಡನೆಯವಳೂ ಹಾಗೇ ಹೋದಳು. ಮೂರನೆಯ ಸಲ ನನಗೆ ಕಂಡಿತು: ನಮ್ಮವಳ ಕಣ್ಣು ಎದುರಾಳಿಯ ಮೇಲೆ ಇರಲೇ ಇಲ್ಲ. ತಲೆ ತಗ್ಗಿಸಿ ತನ್ನ ಕೋಲಿನ ತುದಿಯನ್ನೇ ನೋಡುತ್ತಿದ್ದಳು. ಮುಂದೆ ನೋಡು ಎಂದು ಕೂಗಬೇಕೆನಿಸಿತು, ಕೂಗುವ ಹಾಗಿರಲಿಲ್ಲ. ಕಟಾಂಜನದ ಸರಳು ಹಿಡಿದುಕೊಂಡು ನಿಂತಿದ್ದೆ.

"ಹುಡುಗಿ ಕೋಲು ಚಲೋ ಇಡ್ತಾಳ್ರಿ," ಎಂದರು ಆಯ್ಕೆ ಮಾಡುವವರು. "ಆದ್ರ ಬರೋರನ್ನ ನೋಡಂಗ ಇಲ್ಲ. ಆಟ ಓದಾಕ ಬರವಲ್ತು ಆಕಿಗೆ."

ಆಟ ಓದಲು ಬಾರದಂತೆ. ಅವಳಿಗೆ ಬರುತ್ತಿದ್ದದ್ದು ಅದೊಂದೇ, ಅದನ್ನೇ ನಾನು ಮರೆಸಿದ್ದೆ. ಹೇಳೋಣವೆಂದು ಬಾಯಿ ತೆರೆದೆ. ಅವರಾಗಲೇ ಮುಂದಿನ ತಂಡವನ್ನು ಕರೆಯುತ್ತಿದ್ದರು.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಕುಳಿತ ಮೇಲೆ ಅವಳು ಕೇಳಿದಳು.

"ಸರ್ರ, ಇವತ್ತ ಒಮ್ಮಿನೂ ಎತ್ತಲಿಲ್ರಿ. ನೋಡಿದ್ರಿಲ್ಲ?"

"ನೋಡಿದೆ."

"ನೀವು ಹೇಳಿದಂಗ ಮಾಡಿದ್ನಿ. ಮತ್ತ ಯಾಕ ಬ್ಯಾಡಂದ್ರರಿ?"

ನಿಜ ಹೇಳುವ ಧೈರ್ಯ ನನಗಿರಲಿಲ್ಲ. "ಅವ್ರಿಗೆ ಆಟ ತಿಳಿಯಂಗಿಲ್ಲವ್ವಾ," ಎಂದೆ.

ನಾನು ಹೇಳಿದ್ದನ್ನೆಲ್ಲ ನಂಬಿದ ಹಾಗೆ ಅದನ್ನೂ ನಂಬಿದಳು. ಕೋಲನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಅಡ್ಡ ಹಿಡಿದು ಕಿಟಕಿಯಾಚೆ ನೋಡುತ್ತ ಕುಳಿತಳು. ದೀಪಾವಳಿಗೆ ಇನ್ನು ಹನ್ನೆರಡು ದಿನವಿತ್ತು.